ಖುಲಾಸೆಯಾದವರಿಗೆ ಆರೋಗ್ಯ ವಿಮೆ: ತಪ್ಪು ಕಲ್ಪನೆ ಮತ್ತು ವಾಸ್ತವ

ಬಿದನೂರಿನ ರಾಣಿ ವೀರಮ್ಮಾಜಿಯನ್ನು ಹೈದರಾಲಿ ಸೆರೆಯಿಟ್ಟಿದ್ದು ಮಧುಗಿರಿ ಕೋಟೆಯಲ್ಲಿ. 1767ರಲ್ಲಿ ಮರಾಠರು ಬಿಡಿಸಿ ಕರೆದೊಯ್ದರಾದರೂ ಪುಣೆ ಮುಟ್ಟುವ ಮೊದಲೇ ಆಕೆ ತೀರಿಕೊಂಡಳು. ಸೆರೆಯಿಂದ ಬಿಡುಗಡೆಯಾದ ಮಾತ್ರಕ್ಕೆ ಮೈ ನೆಟ್ಟಗಾಗುವುದಿಲ್ಲ ಎಂಬುದು ಈ ಸೀಮೆಗೆ ಹಳೆಯ ಸಂಗತಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ಸೇರಿದ ಮಧುಗಿರಿ ಉಪವಿಭಾಗದಲ್ಲಿ ಇಂದು ಯಾರಾದರೂ ಮಾಡದ ತಪ್ಪಿಗೆ ಜೈಲು ಕಂಡು, ಖುಲಾಸೆಯಾಗಿ, ಕಾಯಿಲೆ ಹೊತ್ತು ಊರಿಗೆ ಬಂದರೆ ಚಿಕಿತ್ಸೆಯ ಖರ್ಚು ಯಾರದು? ಕೋರ್ಟಿನ ಅಂಗಳದಲ್ಲೂ ಟೀ ಅಂಗಡಿಯಲ್ಲೂ ಇದಕ್ಕೆ ತಲೆಗೊಂದು ಉತ್ತರ ಸಿಗುತ್ತದೆ. ಅವುಗಳಲ್ಲಿ ನಿಜವೆಷ್ಟು, ನೋಡೋಣ.

ತಪ್ಪು ಕಲ್ಪನೆ 1: ನಿರಪರಾಧಿ ಎಂದು ತೀರ್ಪಾದರೆ ಸರ್ಕಾರವೇ ಆರೋಗ್ಯ ವಿಮೆ ಮಾಡಿಸಿಕೊಡುತ್ತದೆ.

ವಾಸ್ತವ: ಅಂಥ ಕಾನೂನು ನಮ್ಮಲ್ಲಿಲ್ಲ. ಕೇಂದ್ರದ ಕಾನೂನು ಆಯೋಗ 2018ರ ಆಗಸ್ಟ್‌ನಲ್ಲಿ ಕೊಟ್ಟ 277ನೇ ವರದಿ, ತಪ್ಪಾಗಿ ಮೊಕದ್ದಮೆಗೆ ಗುರಿಯಾದವರಿಗೆ ಹಣದ ಪರಿಹಾರದ ಜೊತೆಗೆ ಆಪ್ತಸಮಾಲೋಚನೆ, ಮಾನಸಿಕ ಆರೋಗ್ಯ ಸೇವೆ, ಕೌಶಲ ತರಬೇತಿಯೂ ಸಿಗಬೇಕು ಎಂದಿತ್ತು. ಆ ಶಿಫಾರಸು ಕಾಯ್ದೆಯಾಗಲಿಲ್ಲ. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ತಪ್ಪು ಶಿಕ್ಷೆ ಅನುಭವಿಸಿದವರು ಸರ್ಕಾರಿ ನೌಕರರ ಮಾದರಿಯ ಆರೋಗ್ಯ ವಿಮೆಗೆ ಸೇರಬಹುದು. ನಮ್ಮಲ್ಲೂ ಹಾಗೇ ಇದೆ ಎಂದುಕೊಂಡು ಕಾದು ಕೂತರೆ ಕಾಯಿಲೆ ಉಲ್ಬಣಿಸುತ್ತದೆ, ಅಷ್ಟೆ.

ತಪ್ಪು ಕಲ್ಪನೆ 2: ಪರಿಹಾರದ ಹಣ ಬಂದೇ ಬರುತ್ತದೆ, ಆಸ್ಪತ್ರೆ ಖರ್ಚು ಅದರಲ್ಲೇ ಕಳೆಯುತ್ತದೆ.

ವಾಸ್ತವ: ಪರಿಹಾರ ತಾನಾಗಿ ಬರುವುದಿಲ್ಲ; ಕೇಳಬೇಕು, ಹೋರಾಡಬೇಕು. ಸಕಾರಣವಿಲ್ಲದೆ ಬಂಧಿಸುವಂತೆ ಮಾಡಿದವರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 399ನೇ ಕಲಂ ಕೊಡಿಸುವುದು ಹೆಚ್ಚೆಂದರೆ 1,000 ರೂಪಾಯಿ. ಅದಕ್ಕೂ ಹೆಚ್ಚು ಬೇಕೆಂದರೆ ಸಂವಿಧಾನದ 21ನೇ ವಿಧಿ ಹಿಡಿದು ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್‌ಗೆ ಹೋಗುವುದೇ ಮುಖ್ಯ ದಾರಿ. ಬಿಹಾರದ ರುದುಲ್ ಸಾಹ್ 1968ರಲ್ಲೇ ಖುಲಾಸೆಯಾದರೂ ಮುಂದೆ 14 ವರ್ಷ ಜೈಲಿನಲ್ಲೇ ಕೊಳೆತರು. ಸುಪ್ರೀಂ ಕೋರ್ಟ್ 1983ರಲ್ಲಿ ಕೊಡಿಸಿದ್ದು ಒಟ್ಟು 35,000 ರೂಪಾಯಿ. ನಮ್ಮ ರಾಜ್ಯದ ಇತ್ತೀಚಿನ ಪ್ರಕರಣವನ್ನೇ ನೋಡಿ. ಹೆಂಡತಿಯನ್ನು ಕೊಂದ ಆರೋಪದಲ್ಲಿ ಕೊಡಗಿನ ಆದಿವಾಸಿಯೊಬ್ಬರು ವರ್ಷಕ್ಕೂ ಮೀರಿ ಜೈಲಿನಲ್ಲಿದ್ದರು. 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯಲ್ಲಿ ಜೀವಂತ ಕಾಣಿಸಿಕೊಂಡರು. ಮೈಸೂರಿನ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿ, ಗೃಹ ಇಲಾಖೆಯಿಂದ 1 ಲಕ್ಷ ರೂಪಾಯಿ ಕೊಡಿಸಲು ಆದೇಶಿಸಿತು. ಅದು ಸಾಲದೆಂದು ಅವರು 5 ಕೋಟಿ ಕೇಳಿ ಹೈಕೋರ್ಟ್ ಮೆಟ್ಟಿಲೇರಿದರು. ಹೆಂಡತಿಯೇ ಎದುರು ಬಂದು ನಿಂತ ಪ್ರಕರಣದ ಗತಿ ಇದಾದರೆ, ಸಂಶಯದ ಲಾಭದ ಮೇಲೆ ಬಿಡುಗಡೆಯಾದವರ ಪಾಡು ಹೇಳುವುದೇ ಬೇಡ.

ತಪ್ಪು ಕಲ್ಪನೆ 3: ಜೈಲಿಗೆ ಹೋದವನಿಗೆ ಆಯುಷ್ಮಾನ್ ಸೌಲಭ್ಯ ಇಲ್ಲ.

ವಾಸ್ತವ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕುಟುಂಬಕ್ಕೆ ಕೊಟ್ಟ ಸೌಲಭ್ಯ, ನಡತೆಗೆ ಕೊಟ್ಟ ಸರ್ಟಿಫಿಕೇಟಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ನೋಡಬೇಕಾದದ್ದು ಒಂದೇ: ಯಜಮಾನ ಒಳಗಿದ್ದಾಗ ರೇಷನ್ ಕಾರ್ಡಿನಲ್ಲಿ ಅವನ ಹೆಸರು ಉಳಿದಿದೆಯೇ, ಇಕೆವೈಸಿ ಆಗಿದೆಯೇ? ಹೊರಬಂದ ಮೊದಲ ವಾರದಲ್ಲೇ ಆಹಾರ ಶಾಖೆಗೆ ಹೋಗಿ ಇದನ್ನು ಸರಿಪಡಿಸಿಕೊಳ್ಳುವುದು ಒಳ್ಳೆಯದು.

ತಪ್ಪು ಕಲ್ಪನೆ 4: ತೀರ್ಪಿನ ಪ್ರತಿ ತೋರಿಸಿದರೆ ಯಾವ ಆಸ್ಪತ್ರೆಯಲ್ಲೂ ದುಡ್ಡು ಕೇಳುವುದಿಲ್ಲ.

ವಾಸ್ತವ: ನೋಂದಾಯಿತ ಆಸ್ಪತ್ರೆಯ ಮೇಜಿನ ಹಿಂದೆ ಕೂತ ಆರೋಗ್ಯಮಿತ್ರ ಕೇಳುವುದು ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ. ನಲವತ್ತು ಪುಟದ ತೀರ್ಪಿಗೆ ಅವರ ಕಂಪ್ಯೂಟರಿನಲ್ಲಿ ಜಾಗವೇ ಇಲ್ಲ. ಆದ್ದರಿಂದ ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಾಗದಿದ್ದರೆ ರೆಫರಲ್ ಪಡೆದು ತುಮಕೂರು ಅಥವಾ ಬೆಂಗಳೂರು. ತುರ್ತು ಸ್ಥಿತಿಯಲ್ಲಿ ರೆಫರಲ್ ಬೇಡ. ಪಾವಗಡದವರಿಗೆ ಇನ್ನೊಂದು ತೊಡಕಿದೆ: ಜಿಲ್ಲಾ ಕೇಂದ್ರಕ್ಕಿಂತ ಆಂಧ್ರದ ಹಿಂದೂಪುರ ಹತ್ತಿರ. ಹೊರರಾಜ್ಯದಲ್ಲಿ ಕಾರ್ಡ್ ನಡೆಯುವುದು ಕುಟುಂಬ ಕೇಂದ್ರದ ಫಲಾನುಭವಿ ಪಟ್ಟಿಯಲ್ಲಿದ್ದರೆ, ಆಸ್ಪತ್ರೆ ನೋಂದಾಯಿತವಾಗಿದ್ದರೆ ಮಾತ್ರ. ಬಸ್ ಹತ್ತುವ ಮೊದಲು 104ಕ್ಕೆ ಕರೆ ಮಾಡಿ ವಿಚಾರಿಸಿ.

ಜೈಲಿನ ಗಿಜಿಗುಡುವ ಬ್ಯಾರಕ್‌ನಲ್ಲಿ ಸುಲಭವಾಗಿ ಅಂಟುವ ಕ್ಷಯಕ್ಕಂತೂ ಯಾವ ವಿಮೆಯೂ ಬೇಕಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಚಿಕಿತ್ಸೆಯಲ್ಲಿರುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿಯೂ ಉಂಟು. 2024ರ ನವೆಂಬರ್‌ವರೆಗೆ ಇದು 500 ಇತ್ತು.

ತಪ್ಪು ಕಲ್ಪನೆ 5: ಕೇಸು ಹಾಕಿಸಿಕೊಂಡವನಿಗೆ ಖಾಸಗಿ ವಿಮೆ ಸಿಗದು, ಇದ್ದ ಪಾಲಿಸಿಯೂ ರದ್ದು.

ವಾಸ್ತವ: ಪಾಲಿಸಿಗಳಲ್ಲಿರುವ ನಿಷೇಧ ಅಪರಾಧದ ಉದ್ದೇಶದಿಂದ ಕಾನೂನು ಮುರಿಯುವಾಗ ಆದ ಗಾಯದ ಚಿಕಿತ್ಸೆಗೆ ಸಂಬಂಧಿಸಿದ್ದು. ಸುಳ್ಳು ಕೇಸಿನಲ್ಲಿ ಜೈಲಿನಲ್ಲಿದ್ದವನ ಸಕ್ಕರೆ ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ. ಪಾಲಿಸಿ ಸಾಯುವುದು ಬೇರೆ ಕಾರಣಕ್ಕೆ: ಕಂತು ಕಟ್ಟುವವನೇ ಒಳಗಿರುತ್ತಾನೆ. ವಾರ್ಷಿಕ ಕಂತಿಗೆ 30 ದಿನಗಳ ವಾಯಿದೆ ಉಂಟು. ಅದು ದಾಟಿತೆಂದರೆ ಹೊರಬಂದ ಮೇಲೆ ಹೊಸ ಪಾಲಿಸಿ, ಮೊದಲೇ ಇದ್ದ ಕಾಯಿಲೆಗೆ ಹೊಸದಾಗಿ 36 ತಿಂಗಳವರೆಗೆ ಕಾಯುವಿಕೆ. ವಕೀಲರ ಫೀಸಿಗೆ ಹಣ ಹೊಂದಿಸುವಾಗ ಮನೆಯವರು ಈ ಕಂತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೊಸ ಪಾಲಿಸಿಗೆ ಅರ್ಜಿ ಹಾಕುವಾಗ ಜೈಲಿನಲ್ಲಿ ಶುರುವಾದ ಬಿಪಿ, ಶುಗರ್ ಮುಚ್ಚಿಡಬೇಡಿ. ಕ್ಲೇಮು ತಿರಸ್ಕಾರವಾಗುವುದು ಹೀಗೆಯೇ. ಕಾರಾಗೃಹದ ಆಸ್ಪತ್ರೆಯ ಚಿಕಿತ್ಸಾ ದಾಖಲೆಯ ಪ್ರತಿಯನ್ನು ಬಿಡುಗಡೆಯ ಹೊತ್ತಿಗೇ ಕೇಳಿ ಇಟ್ಟುಕೊಳ್ಳಿ. ಮುಂದೆ ಪರಿಹಾರದ ಅರ್ಜಿಗೂ ಅದೇ ಸಾಕ್ಷಿ.

ಸಹಕಾರ ಸಂಘದ ಸದಸ್ಯರಾದರೆ ಯಶಸ್ವಿನಿ ಯೋಜನೆ ನೆನಪಿರಲಿ. ಮಧ್ಯೆ ನಿಂತಿದ್ದ ಇದು 2023ರ ಜನವರಿಯಲ್ಲಿ ಮತ್ತೆ ಶುರುವಾಗಿದೆ. ನೋಂದಣಿ ತೆರೆದಿರುವಾಗಲೇ ಸಂಘದಲ್ಲಿ ಹೆಸರು ಬರೆಸಬೇಕು.

ತಪ್ಪು ಕಲ್ಪನೆ 6: ನಿದ್ದೆ ಬಾರದ್ದು, ಬೆಚ್ಚಿಬೀಳುವುದು ಕಾಯಿಲೆಯಲ್ಲ, ಅದಕ್ಕೆ ವಿಮೆಯೂ ಇಲ್ಲ.

ವಾಸ್ತವ: 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಂ ಪ್ರಕಾರ, ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮಾ ಕಂಪನಿಗಳು ರಕ್ಷಣೆ ಕೊಡಬೇಕು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯಕೀಯ ತಪಾಸಣೆಯ ವ್ಯವಸ್ಥೆಯಿದೆ. ಊರವರ ಕಣ್ಣು ತಪ್ಪಿಸಿ ಮಾತಾಡಬೇಕೆನ್ನುವವರಿಗೆ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ.

ತಪ್ಪು ಕಲ್ಪನೆ 7: ಖುಲಾಸೆಯಾಯಿತಲ್ಲ, ಇನ್ನು ಕೇಳುವುದಕ್ಕೇನೂ ಇಲ್ಲ.

ವಾಸ್ತವ: ಕೇಳುವುದು ಇರುವುದೇ ಆಮೇಲೆ. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು ಮತ್ತು ಕಡಿಮೆ ಆದಾಯದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ಪರಿಹಾರ ಕೋರುವ ಅರ್ಜಿಯಲ್ಲಿ ಕಳೆದ ಕೂಲಿಯ ಜೊತೆ ಚಿಕಿತ್ಸೆಯ ವೆಚ್ಚವನ್ನೂ ಬಿಲ್ಲುಗಳ ಸಮೇತ ನಮೂದಿಸಬಹುದು. ಸರ್ಕಾರಕ್ಕೂ ಇದು ಬೆಟ್ಟ ಕಡಿಯುವ ಕೆಲಸವಲ್ಲ. ಆಯುಷ್ಮಾನ್ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದೆ, ಆಸ್ಪತ್ರೆಗಳ ಜಾಲವಿದೆ, ಆರೋಗ್ಯಮಿತ್ರರಿದ್ದಾರೆ. ತಪ್ಪಾಗಿ ಜೈಲು ಕಂಡವರೆಂದು ನ್ಯಾಯಾಲಯ ಗುರುತಿಸಿದವರನ್ನು, ಕಾರ್ಡ್ ಯಾವುದೇ ಇರಲಿ, 5 ಲಕ್ಷದ ವರ್ಗಕ್ಕೆ ಸೇರಿಸಲು ಹೊಸ ಇಲಾಖೆ ಬೇಡ. ಒಂದು ಆದೇಶ ಹೊರಡಿಸುವ ಮನಸ್ಸಿದ್ದರೆ ಸಾಕು.