ಎರಡು ವರ್ಷದ ಆನ್‌ಸೈಟ್, 8ನೇ ಕ್ಲಾಸಿನ ಮಗಳು: ಮೊದಲು ವಾಪಸ್ ಬರೋ ಲೆಕ್ಕ

ಅಹಮದಾಬಾದ್, ವಡೋದರಾ, ಸೂರತ್ ಕಡೆ ಇರೋ ನಮ್ಮವರು ಮತ್ತೆ ಮತ್ತೆ ಕೇಳ್ತಿರೋ ಪ್ರಶ್ನೆ ಇದು. "ಅಮೆರಿಕಕ್ಕೆ ಎರಡು ವರ್ಷ ಆನ್‌ಸೈಟ್ ಸಿಕ್ಕಿದೆ. ಮಗಳು 8ನೇ ಕ್ಲಾಸು. ಕರ್ಕೊಂಡು ಹೋಗೋದಾ, ಬಿಟ್ಟು ಹೋಗೋದಾ?" ಐದು ವರ್ಷದ ಮಗು ಆಗಿದ್ರೆ ಸೂಟ್‌ಕೇಸ್ ತುಂಬಿ ಹೊರಟುಬಿಡಬಹುದಿತ್ತು. ಹದಿನಾಲ್ಕಕ್ಕೆ ಹಾಗಲ್ಲ. ಹೋಗೋ ದಿನಕ್ಕಿಂತ ಮುಂಚೆ ವಾಪಸ್ ಬರೋ ದಿನದ ಲೆಕ್ಕ ಹಾಕಬೇಕು.

ಸಿಬಿಎಸ್‌ಇಯಲ್ಲಿ 9-10 ಒಂದು ಜೋಡಿ, 11-12 ಇನ್ನೊಂದು ಜೋಡಿ. 9ರಲ್ಲಿ ಒಮ್ಮೆ, 11ರಲ್ಲಿ ಒಮ್ಮೆ ಮಕ್ಕಳ ಹೆಸರು ಬೋರ್ಡಿನಲ್ಲಿ ನೋಂದಣಿ ಆಗುತ್ತೆ. ಹೊರಗಿನಿಂದ ಬಂದು ನೇರವಾಗಿ 10ಕ್ಕೋ 12ಕ್ಕೋ ಸೇರೋದು ಬಹಳ ಕಷ್ಟ. ಈಗ ನೋಡಿ: 8 ಮುಗಿಸಿ ಹೊರಟರೆ ಅಲ್ಲಿ 9 ಮತ್ತು 10ನೇ ಗ್ರೇಡ್ ಓದಿ, ಜೂನ್‌ನಲ್ಲಿ ಬಂದು ಇಲ್ಲಿ 11ಕ್ಕೆ ಸೇರಬಹುದು. 9 ಮುಗಿಸಿ ಹೊರಟರೆ? ಬರೋ ಹೊತ್ತಿಗೆ ಅಲ್ಲಿ 11 ಮುಗಿದಿರುತ್ತೆ, ಇಲ್ಲಿ 12ರ ಬಾಗಿಲು ಮುಚ್ಚಿರುತ್ತೆ. 11ನ್ನೇ ಇನ್ನೊಂದು ಸಲ ಓದಬೇಕಾಗಬಹುದು. ಮ್ಯಾನೇಜರ್ "ಇನ್ನಾರು ತಿಂಗಳು ಎಕ್ಸ್‌ಟೆಂಡ್ ಮಾಡೋಣ" ಅಂದಾಗ ನಿಮಗೆ ಆರೇ ತಿಂಗಳು, ಮಗಳಿಗೆ ಒಂದು ವರ್ಷ. ಈ ಮಾತು ಆಫೀಸಲ್ಲಿ ಮೊದಲೇ ಆಡಿಬಿಡಿ. ಗುಜರಾತ್ ಬೋರ್ಡ್ ಶಾಲೆ ಆದ್ರೆ ಅವರ ನಿಯಮ ಶಾಲೆಯಲ್ಲೇ ಕೇಳ್ಕೊಳ್ಳಿ.

ಅಲ್ಲಿನ ಎಷ್ಟೋ ಹೈಸ್ಕೂಲುಗಳಲ್ಲಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ವರ್ಷಕ್ಕೊಂದರಂತೆ ಕಲಿಸ್ತಾರೆ. ಎರಡು ವರ್ಷದಲ್ಲಿ ಫಿಸಿಕ್ಸ್ ಮುಟ್ಟದೇ ಬಂದು 11ರಲ್ಲಿ ಸೈನ್ಸ್ ತಗೊಂಡ್ರೆ ಪಾಪ, ಮಗು ಒದ್ದಾಡುತ್ತೆ. ಎನ್‌ಸಿಇಆರ್‌ಟಿಯ 9, 10ರ ಗಣಿತ, ವಿಜ್ಞಾನ ಪುಸ್ತಕಗಳು ಉಚಿತ ಪಿಡಿಎಫ್ ಸಿಗ್ತವೆ. ಭಾನುವಾರಕ್ಕೆ ಒಂದು ಗಂಟೆ ಸಾಕು. ಲಸಿಕೆ ದಾಖಲೆಯನ್ನ ಅಲ್ಲಿನ ಶಾಲೆ ಕೇಳಿಯೇ ಕೇಳುತ್ತೆ, ಡಾಕ್ಟರ್ ಸಹಿ ಹಾಕಿಸಿ ಇಟ್ಕೊಳ್ಳಿ.

ಇನ್ನು ಹೆಸರಿನ ರಾಮಾಯಣ. ಗುಜರಾತಿನ ಶಾಲೆಗಳಲ್ಲಿ ಸಾಮಾನ್ಯವಾಗಿ ಮೊದಲು ಸರ್‌ನೇಮ್, ಆಮೇಲೆ ಮಗುವಿನ ಹೆಸರು, ಆಮೇಲೆ ಅಪ್ಪನ ಹೆಸರು. ಅಡ್ಮಿಷನ್ ದಿನ ಕ್ಲರ್ಕ್ "ಅಟಕ್ ಶು ಛೇ?" ಅಂತಾರೆ. ಅಟಕ್ ಅಂದ್ರೆ ಸರ್‌ನೇಮ್. ನಮ್ಮಲ್ಲಿ ಬಹಳ ಜನಕ್ಕೆ ಇರೋದು ಇನಿಷಿಯಲ್ ಮಾತ್ರ! ಸಾಲಿನಲ್ಲಿ ನಿಂತ ಅಪ್ಪ ತಲೆಗೆ ಹೊಳೆದಿದ್ದು ಹೇಳ್ತಾನೆ, ಒಮ್ಮೆ ಊರಿನ ಹೆಸರು, ಒಮ್ಮೆ ತಾತನ ಹೆಸರು. ಕೊನೆಗೆ ಶಾಲೆಯ ಎಲ್‌ಸಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟಲ್ಲಿ ಮತ್ತೊಂದು. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ರೆ ಅಮೆರಿಕದ ವೀಸಾದಲ್ಲಿ ಮಗಳ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರುತ್ತೆ. ಆಮೇಲೆ ಅಲ್ಲಿನ ಶಾಲೆಯ ಪಟ್ಟಿಯಲ್ಲೂ ಅದೇ ಕೂತುಬಿಡಬಹುದು. ವೀಸಾಗೆ ಅರ್ಜಿ ಹಾಕೋ ಮುಂಚೆಯೇ ಸರಿ ಮಾಡಿಸಿ. ಹಾಗೇ ಪಾಸ್‌ಪೋರ್ಟ್ ಅವಧಿಯೂ ನೋಡಿ, ಮಕ್ಕಳದ್ದು ಸಾಮಾನ್ಯವಾಗಿ 5 ವರ್ಷಕ್ಕೆ ಮುಗಿಯುತ್ತೆ.

ಕನ್ನಡದ ವಿಷಯ. 2023ರ ಕಾನೂನಿನ ಪ್ರಕಾರ ಗುಜರಾತಿನಲ್ಲಿ 1ರಿಂದ 8ನೇ ತರಗತಿವರೆಗೆ ಗುಜರಾತಿ ಕಡ್ಡಾಯ. ಹಾಗಾಗಿ ನಮ್ಮ ಮಕ್ಕಳಿಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ. ಮುಂದೆ ಕರ್ನಾಟಕದ ಸಿಇಟಿಯಲ್ಲಿ ಹೊರನಾಡು ಕನ್ನಡಿಗರ ಅಡಿ ಸೀಟು ಕೇಳೋದಾದ್ರೆ ಕೆಇಎ ನಡೆಸೋ ಕನ್ನಡ ಭಾಷಾ ಪರೀಕ್ಷೆ ಬರೀಬೇಕು. ಹೊರಗೆ ಓದಿದ ವರ್ಷಗಳನ್ನ ಹೇಗೆ ಎಣಿಸ್ತಾರೆ ಅನ್ನೋದನ್ನ ಆ ವರ್ಷದ ಮಾಹಿತಿ ಪುಸ್ತಕದಲ್ಲಿ ಓದಿ, ವಾಟ್ಸಾಪ್ ಗ್ರೂಪಿನಲ್ಲಲ್ಲ. ಅಮೆರಿಕದ ಎಷ್ಟೋ ಊರಲ್ಲಿ ಕನ್ನಡ ಕೂಟದವರು ವಾರಾಂತ್ಯದ ಕನ್ನಡ ಶಾಲೆ ನಡೆಸ್ತಾರೆ. ವಡೋದರಾದಲ್ಲಿ ಕಲಿಯದ ಅಕ್ಷರ ಅಲ್ಲಿ ಕಲಿತರೂ ಆಯ್ತು.

ಇಷ್ಟೆಲ್ಲಾ ಮಾಡೋ ನಾವು ಒಂದು ಮರೀತೀವಿ: ಮಗಳನ್ನ ಕೇಳೋದು. ಟಿಕೆಟ್ ಬುಕ್ ಆದಮೇಲೆ ಹೇಳ್ತೀವಿ. ಅವಳ ಮೊದಲ ಪ್ರಶ್ನೆ ಸ್ಕೂಲಿನದ್ದಾಗಿರಲ್ಲ, "ನವರಾತ್ರಿಗೆ ಬರ್ತೀವಲ್ಲಪ್ಪಾ?" ಅಂತಿರುತ್ತೆ. ಒಂಬತ್ತು ರಾತ್ರಿ ಗೆಳತಿಯರ ಜೊತೆ ಗರ್ಬಾ ಆಡಿ ಬೆಳೆದ ಹುಡುಗಿ ಅವಳು. ಆ ಹೊತ್ತಿಗೆ ಅಲ್ಲಿ ಶಾಲೆ ಈಗಷ್ಟೇ ಶುರುವಾಗಿರುತ್ತೆ. ಬರೋಕೆ ಆಗಲ್ಲ. "ನೋಡೋಣ" ಅನ್ನಬೇಡಿ, ಆಗಲ್ಲ ಅಂತಲೇ ಹೇಳಿ. ಚನಿಯಾ ಚೋಳಿ ಮಾತ್ರ ಸೂಟ್‌ಕೇಸಿಗೆ ಹಾಕ್ಕೊಳ್ಳಲಿ, ಅಲ್ಲೂ ಗುಜರಾತಿಗಳಿಗೇನು ಕಮ್ಮಿ ಇಲ್ಲ.