ಮನಶ್ಶಾಸ್ತ್ರವನ್ನರಸಿ ಯೂರೋಪಿಗೆ

ಮನಸ್ಸು ಕಣ್ಣಿಗೆ ಕಾಣದು, ಅದನ್ನು ಅಳೆಯುವುದೆಂತು? ಇದನ್ನು ಪ್ರಯೋಗದಿಂದಲೇ ತಿಳಿಯಬೇಕೆಂದು ವಿಲ್ಹೆಲ್ಮ್ ವುಂಟ್ ಎಂಬ ಪಂಡಿತರು 1879ರಲ್ಲಿ ಜರ್ಮನಿಯ ಲೈಪ್ಸಿಗ್ ವಿಶ್ವವಿದ್ಯಾನಿಲಯದಲ್ಲಿ ಪ್ರಯೋಗಶಾಲೆಯನ್ನು ತೆರೆದರು. ದೇಶದೇಶಗಳ ವಿದ್ಯಾರ್ಥಿಗಳು ಅಲ್ಲಿಗೆ ಬಂದರು. ಅವರಲ್ಲೊಬ್ಬರಾದ ಸ್ಪಿಯರ್‌ಮನ್ನರು ಇಂಗ್ಲೆಂಡಿನ ಸೈನ್ಯದ ಉದ್ಯೋಗವನ್ನು ತೊರೆದು ಕಲಿತು, ಮುಂದೆ ಲಂಡನ್ನಿನಲ್ಲಿ ಗುರುಗಳಾದರು. ಅವರಲ್ಲಿ ವ್ಯಾಸಂಗ ಮಾಡಿದ ನಮ್ಮ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು ಸ್ಥಾಪಿಸಿದರು. ಲೈಪ್ಸಿಗಿನ ವಿದ್ಯೆ ನಮ್ಮ ನಾಡಿಗೆ ಬಂದುದು ಹೀಗೆ.

ಇಂದು ಇದೇ ವಿದ್ಯೆಗಾಗಿ ಮಕ್ಕಳನ್ನು ಆ ಖಂಡಕ್ಕೆ ಕಳುಹಿಸಬಯಸುವ ಗೃಹಸ್ಥರು ಎರಡು ಸಂಗತಿಗಳನ್ನು ಮೊದಲೇ ವಿಚಾರಿಸಬೇಕೆಂದು ನಾವು ಬಿನ್ನವಿಸುತ್ತೇವೆ. ಪಾಠವು ಯಾವ ಭಾಷೆಯಲ್ಲಿ? ಜರ್ಮನಿಯ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಮೊದಲ ಪದವಿಯ ಬೋಧನೆ ಬಹುಮಟ್ಟಿಗೆ ಜರ್ಮನ್ ಭಾಷೆಯಲ್ಲಿಯೇ ನಡೆಯುತ್ತದೆ. ಪದವೀಧರನು ರೋಗಿಗಳಿಗೆ ಚಿಕಿತ್ಸೆ ಮಾಡಬಹುದೇ? ಪದವಿಯೊಂದೇ ಸಾಲದು, ಅಲ್ಲಿ ಸರ್ಕಾರದ ಪರವಾನಗಿ ಬೇಕು, ಮರಳಿ ಬಂದರೆ ಇಲ್ಲಿಯೂ ನೋಂದಣಿ ಬೇಕು.

ಇವನ್ನು ಅರಿಯದೆ ಸಾಲಮಾಡಿ ಕಳುಹಿಸಿ ಆಮೇಲೆ ಪರಿತಪಿಸುವುದು ತರವಲ್ಲ. ಕಳೆದ ಹಣವನ್ನು ಮತ್ತೆ ಗಳಿಸಬಹುದು. ಯೌವನದ ವರ್ಷಗಳು ಮರಳಿ ಬಾರವು.