ಹಂಪಿಯಲ್ಲಿ ಹುಟ್ಟಿದ ಸತ್ಯಭಾಮೆ

ತೆಲುಗು ತೆರೆಯ ಸತ್ಯಭಾಮೆ ಎಂದೇ ಹೆಸರಾದ ನಟಿ ಜಮುನಾ ಹುಟ್ಟಿದ್ದು 1936ರ ಆಗಸ್ಟ್ 30ರಂದು, ಹಂಪಿಯಲ್ಲಿ. ತಂದೆ ನಿಪ್ಪಾಣಿ ಶ್ರೀನಿವಾಸರಾವ್, ತಾಯಿ ಕೌಸಲ್ಯಾದೇವಿ. ತಾಯಿನುಡಿ ಕನ್ನಡ. ಕನ್ನಡ–ತೆಲುಗು ಗಡಿಯ ಗದ್ವಾಲ ಸೀಮೆಯ ಶಾಂತಿನಗರ, ರಾಜೋಳಿ, ಆಲಂಪುರದ ಕಡೆ ಜಮುನಾ ಚಿತ್ರಗಳನ್ನು ನೋಡದವರು ಕಡಿಮೆ. ಆಕೆ ತುಂಗಭದ್ರೆಯ ಮೇಲ್ದಂಡೆಯಿಂದ ಬಂದ ಕನ್ನಡದ ಹುಡುಗಿ ಎಂದರೆ ಮಾತ್ರ, ಎರಡೂ ಭಾಷೆ ಬಲ್ಲ ಮನೆಗಳಲ್ಲೂ ಅಚ್ಚರಿಪಡುವವರಿದ್ದಾರೆ.

ಶ್ರೀನಿವಾಸರಾವ್ ವ್ಯಾಪಾರಿ. ಅರಿಸಿನ, ಹೊಗೆಸೊಪ್ಪಿನ ವಹಿವಾಟಿಗಾಗಿ ಸಂಸಾರವನ್ನು ಗುಂಟೂರು ಜಿಲ್ಲೆಯ ದುಗ್ಗಿರಾಲಕ್ಕೆ ಕರೆದೊಯ್ದರು. ದುಗ್ಗಿರಾಲ ಇಂದಿಗೂ ಅರಿಸಿನದ ದೊಡ್ಡ ಪೇಟೆ. ನಕಾಶೆ ಬಿಡಿಸಿಟ್ಟುಕೊಂಡು ಈ ಪಯಣವನ್ನು ನೋಡಬೇಕು. ಹಂಪಿಯನ್ನು ಬಳಸಿ ಹರಿದ ತುಂಗಭದ್ರೆಗೆ ಮಾನ್ವಿ ಸೀಮೆಯ ರಾಜೋಳಿಬಂಡೆಯಲ್ಲಿ ಅಣೆಕಟ್ಟು ಅಡ್ಡ ಬರುತ್ತದೆ. ಅಲ್ಲಿಂದ ಎಡದಂಡೆ ಕಾಲುವೆಗೆ ಹೊರಳಿದ ನೀರು ಗದ್ವಾಲ, ಆಲಂಪುರದ ಹೊಲಗಳಿಗೆ ಹೋಗುತ್ತದೆ. ಶಾಂತಿನಗರದ ಸುತ್ತಿನ ರೈತರು ‘ಆರ್‌ಡಿಎಸ್’ (ರಾಜೋಳಿಬಂಡೆ ತಿರುವು ಯೋಜನೆ) ಎನ್ನುವುದು ಈ ಕಾಲುವೆಗೇ. ಉಳಿದ ನೀರು ಆಲಂಪುರ ದಾಟಿ ಕೃಷ್ಣೆಯನ್ನು ಸೇರಿ, ಶ್ರೀಶೈಲದ ಕಣಿವೆ ಹಾದು, ವಿಜಯವಾಡದಲ್ಲಿ ಕಾಲುವೆಗಳಾಗಿ ಕವಲೊಡೆಯುತ್ತದೆ. ಅಲ್ಲಿಂದ ಹೊರಡುವ ಪಶ್ಚಿಮ ಕಾಲುವೆಯ ದಾರಿಯಲ್ಲೇ ದುಗ್ಗಿರಾಲವಿದೆ. ಹುಟ್ಟಿದ ಊರಿನಿಂದ ಬೆಳೆದ ಊರಿನವರೆಗೂ ಆಕೆಯ ಬಾಲ್ಯಕ್ಕೆ ಒಂದೇ ನೀರು ಜತೆಯಾಗಿತ್ತು.

ಹೆಸರಿನದೂ ನದಿಯ ಕತೆಯೇ. ಮನೆಯವರು ಇಟ್ಟ ಹೆಸರು ಜನಾಬಾಯಿ, ಪಂಢರಾಪುರದ ಸಂತಕವಯಿತ್ರಿಯದು. ಈ ಮಗುವಿಗೆ ನದಿಯ ಹೆಸರು ಒಳ್ಳೆಯದೆಂದು ಜೋಯಿಸರು ಹೇಳಿದ್ದರಿಂದ ‘ಜನ’ದ ನಡುವೆ ಒಂದು ‘ಮು’ ಸೇರಿಸಿ ‘ಜಮುನಾ’ ಮಾಡಿದರಂತೆ. ಇಂಥ ಕತೆಗಳು ಹೆಸರು ಬಂದ ಮೇಲೆ ಹುಟ್ಟಿಕೊಳ್ಳುವುದೇ ಹೆಚ್ಚು. ಆದರೂ ಅಕ್ಷರದ ಲೆಕ್ಕ ಇಷ್ಟು ಸರಿಯಾಗಿ ಕೂಡಿರುವುದರಿಂದ ಇದನ್ನು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ.

ದುಗ್ಗಿರಾಲದಲ್ಲಿ ತಾಯಿಯಿಂದ ಹಾಡು, ಹಾರ್ಮೋನಿಯಂ ಕಲಿಕೆ ನಡೆಯಿತು. ಮುಂದೆ ತೆಲುಗಿನ ದೊಡ್ಡ ನಟರಾದ ಜಗ್ಗಯ್ಯ ಆಗ ಅಲ್ಲಿನ ಶಾಲೆಯಲ್ಲಿ ಮೇಷ್ಟರು. ಹುಡುಗಿಯನ್ನು ನಾಟಕಕ್ಕೆ ಎಳೆದವರಲ್ಲಿ ಅವರೇ ಮೊದಲಿಗರು. ನಾಟಕವಾಡಲು ಊರಿಗೆ ಬಂದಿದ್ದ ನಟಿ ಸಾವಿತ್ರಿ ಇಳಿದುಕೊಂಡದ್ದು ಇವರ ಮನೆಯಲ್ಲಿ. ಸಿನಿಮಾಕ್ಕೆ ಬಾ ಎಂದು ಮೊದಲು ಕರೆದವರೂ ಅವರೇ. ಮುಂದೆ ಇಬ್ಬರೂ ಹಲವು ಚಿತ್ರಗಳಲ್ಲಿ ಒಟ್ಟಿಗೆ ನಟಿಸಿದರು. ಜಮುನಾ ಅಭಿನಯಿಸಿದ ನಾಟಕಗಳಲ್ಲಿ ‘ಮಾ ಭೂಮಿ’ಯೂ ಒಂದು. ಸುಂಕರ ಸತ್ಯನಾರಾಯಣ, ವಾಸಿರೆಡ್ಡಿ ಭಾಸ್ಕರರಾವ್ ಬರೆದ ಈ ನಾಟಕದ ವಸ್ತು ನಿಜಾಮನ ಆಳ್ವಿಕೆಯ ತೆಲಂಗಾಣದ ರೈತರ ಹೋರಾಟ. ಪ್ರಜಾ ನಾಟ್ಯಮಂಡಲಿಯ ಡಾ. ಗರಿಕಪಾಟಿ ರಾಜಾರಾವ್ ಈ ಪ್ರತಿಭೆಯನ್ನು ಗುರುತಿಸಿ ತಮ್ಮ ‘ಪುಟ್ಟಿಲ್ಲು’ ಚಿತ್ರಕ್ಕೆ ನಾಯಕಿಯಾಗಿ ಆರಿಸಿಕೊಂಡರು. 1953ರಲ್ಲಿ ತೆರೆಕಂಡ ಆ ಚಿತ್ರದ ಹೊತ್ತಿಗೆ ಜಮುನಾಗೆ ಹದಿನಾರು ವರ್ಷ.

ಎರಡೇ ವರ್ಷಗಳಲ್ಲಿ, 1955ರಲ್ಲಿ, ವಿಜಯಾ ಸಂಸ್ಥೆಯ ‘ಮಿಸ್ಸಮ್ಮ’ ಬಂತು. ನಾಯಕಿ ಸಾವಿತ್ರಿ; ತಂಗಿಯ ಪಾತ್ರ ಜಮುನಾರದು. ಅದೇ ಪಾತ್ರವನ್ನು ತಮಿಳಿನ ‘ಮಿಸ್ಸಿಯಮ್ಮ’ದಲ್ಲೂ 1957ರ ಹಿಂದಿ ‘ಮಿಸ್ ಮೇರಿ’ಯಲ್ಲೂ ಆಕೆಯೇ ಮಾಡಿದರು. ಹಿಂದಿಯ ಹೊತ್ತಿಗೆ ನಾಯಕಿಯ ಜಾಗಕ್ಕೆ ಮೀನಾಕುಮಾರಿ ಬಂದಿದ್ದರು. ತಂಗಿ ಮಾತ್ರ ಬದಲಾಗಲಿಲ್ಲ.

ಕನ್ನಡಕ್ಕೂ ಆಕೆ ಬಂದದ್ದು ಬೇಗನೆ. ‘ಆದರ್ಶ ಸತಿ’ (1955), ಬಿ.ಆರ್. ಪಂತುಲು ಅವರ ‘ರತ್ನಗಿರಿ ರಹಸ್ಯ’ (1957) ಆದ ಮೇಲೆ 1958ರಲ್ಲಿ ಎವಿಎಂ ಸಂಸ್ಥೆ ‘ಭೂಕೈಲಾಸ’ವನ್ನು ತೆಲುಗು, ಕನ್ನಡ ಎರಡರಲ್ಲೂ ತೆಗೆಯಿತು. ತೆಲುಗಿನ ರಾವಣ ಎನ್.ಟಿ. ರಾಮರಾವ್, ಕನ್ನಡದ ರಾವಣ ರಾಜ್‌ಕುಮಾರ್. ಎರಡೂ ಕಡೆಯ ಮಂಡೋದರಿ ಜಮುನಾ. ಈ ಕತೆ ತೆಲುಗು ತೆರೆಗೆ ಮೊದಲು ಹೋದದ್ದೂ ಕನ್ನಡದವರ ಕೈಯಿಂದಲೇ: 1940ರ ತೆಲುಗು ‘ಭೂಕೈಲಾಸ್’ನಲ್ಲಿ ರಾವಣನಾದವರು ಎಂ.ವಿ. ಸುಬ್ಬಯ್ಯನಾಯ್ಡು, ನಾರದರಾದವರು ಆರ್. ನಾಗೇಂದ್ರರಾವ್. ಗೋಕರ್ಣದ ಆತ್ಮಲಿಂಗದ ಕತೆ ಹೀಗೆ ಕನ್ನಡ ರಂಗದಿಂದ ತೆಲುಗಿಗೆ ದಾಟಿ, ಹದಿನೆಂಟು ವರ್ಷದ ಮೇಲೆ ಎರಡು ಭಾಷೆಗಳಲ್ಲಿ ಒಬ್ಬಳೇ ಮಂಡೋದರಿಯೊಂದಿಗೆ ಮರಳಿತು.

ಜಮುನಾ ಮೊದಲ ಬಾರಿಗೆ ಸತ್ಯಭಾಮೆಯಾದದ್ದು 1957ರ ‘ವಿನಾಯಕ ಚವಿತಿ’ಯಲ್ಲಿ. ಅದು ಶಮಂತಕ ಮಣಿಯ ಕತೆ. ಅಲ್ಲಿ ಭಾಮೆಯದು ಇನ್ನೂ ಎಳೆಯ ವಯಸ್ಸು. ಪಾತ್ರ ಪೂರ್ತಿ ಮೈತುಂಬಿ ಬಂದದ್ದು 1966ರ ‘ಶ್ರೀಕೃಷ್ಣ ತುಲಾಭಾರ’ದಲ್ಲಿ. ನಿರ್ದೇಶನ ಕಮಲಾಕರ ಕಾಮೇಶ್ವರರಾವ್ ಅವರದು, ಕೃಷ್ಣ ಎನ್.ಟಿ.ಆರ್., ರುಕ್ಮಿಣಿ ಅಂಜಲೀದೇವಿ. ಜಮುನಾರ ಚಿತ್ರಗಳಲ್ಲಿ ಒಂದನ್ನೇ ನೋಡಲು ಬಿಡುವಿರುವವರು ಇದನ್ನೇ ನೋಡಬೇಕು.

ಪಾರಿಜಾತ ರುಕ್ಮಿಣಿಯ ಪಾಲಾಯಿತೆಂದು ಭಾಮೆ ಮುನಿಸಿಕೊಳ್ಳುತ್ತಾಳೆ. ಕೃಷ್ಣ ಬಂದು ಕಾಲಿಗೆರಗುತ್ತಾನೆ. ಆಕೆಯ ಕಾಲು ಅವನ ಕಿರೀಟಕ್ಕೆ ತಾಗುತ್ತದೆ. ಇಡೀ ಆಂಧ್ರ ಎನ್.ಟಿ.ಆರ್. ಅವರನ್ನು ಕೃಷ್ಣನೆಂದೇ ನಂಬಿ ಮನೆಯಲ್ಲಿ ಪಟ ಇಟ್ಟುಕೊಂಡಿದ್ದ ಕಾಲ ಅದು. ಅಂಥ ಕೃಷ್ಣನ ತಲೆಗೆ ಒದೆಯುವ ಹೆಣ್ಣನ್ನು ಜನ ಒಪ್ಪಬೇಕಾದರೆ ಒದೆಯುವ ಕಾಲಿನಲ್ಲಿ ಸಿಟ್ಟಿನಷ್ಟೇ ಸಲಿಗೆಯೂ ಇರಬೇಕು. ಜಮುನಾ ಇಲ್ಲಿ ಗತ್ತನ್ನು ಕಣ್ಣಿಗಿಂತ ಹೆಚ್ಚಾಗಿ ಕತ್ತಿನಲ್ಲಿ ತೋರಿಸುತ್ತಾರೆ. ಮುಖ ಆಚೆ ತಿರುಗಿದ್ದರೂ ಕಿವಿ ಕೃಷ್ಣನ ಕಡೆಗೇ ಇರುತ್ತದೆ. ಜಡೆಯನ್ನು ಮುಂದಕ್ಕೆಳೆದುಕೊಳ್ಳುವ ಒಂದು ಚಲನೆಯಲ್ಲಿ, ಇವನು ನನ್ನ ಸ್ವತ್ತು ಎಂಬ ಮಾತು ಮಾತಿಲ್ಲದೆ ತಲುಪುತ್ತದೆ.

ಆ ಒದೆ ಪುರಾಣದ ಕಾಲದ್ದಲ್ಲ. ಅದಕ್ಕೆ ಊರಿದೆ, ಕವಿಯಿದ್ದಾನೆ. ಕೃಷ್ಣದೇವರಾಯನ ಆಸ್ಥಾನದಲ್ಲಿದ್ದ ನಂದಿ ತಿಮ್ಮನ ‘ಪಾರಿಜಾತಾಪಹರಣ’ ಎಂಬ ತೆಲುಗು ಕಾವ್ಯದಲ್ಲಿ ಸತ್ಯಭಾಮೆ ಎಡಗಾಲಿನಿಂದ ಕೃಷ್ಣನ ತಲೆಯನ್ನು ನೂಕುತ್ತಾಳೆ. ಕೃಷ್ಣ ಕೋಪಿಸಿಕೊಳ್ಳುವುದರ ಬದಲು, ಪುಳಕದಿಂದ ಮುಳ್ಳೆದ್ದ ತನ್ನ ಮೈಯಿಂದ ಆಕೆಯ ಮೆತ್ತನೆಯ ಪಾದಕ್ಕೆ ನೋವಾಯಿತೇನೋ ಎಂದು ಮರುಗುತ್ತಾನೆ. ಈ ಕಾವ್ಯಕ್ಕೆ ಒಂದು ಐತಿಹ್ಯ ಅಂಟಿಕೊಂಡಿದೆ. ರಾಣಿ ತಿರುಮಲದೇವಿ ರಾಯನ ಪಟದ ಕಡೆಗೆ ಕಾಲುಚಾಚಿ ಮಲಗಿದ್ದಳಂತೆ. ಅದನ್ನು ಕಂಡ ರಾಯ ಅವಳಲ್ಲಿಗೆ ಹೋಗುವುದನ್ನೇ ಬಿಟ್ಟನಂತೆ. ರಾಣಿಯ ತವರಿನಿಂದ ಬಳುವಳಿಯಾಗಿ ಬಂದಿದ್ದ ತಿಮ್ಮ, ದೇವರೇ ಹೆಂಡತಿಯ ಒದೆ ತಿಂದು ನಕ್ಕ ಕತೆ ಹೇಳಿ ರಾಯನ ಮುನಿಸು ಇಳಿಸಿದನಂತೆ. ತಿರುಮಲದೇವಿಯ ತವರು ಶ್ರೀರಂಗಪಟ್ಟಣ ಎನ್ನುತ್ತಾರೆ. ಚಾಟು ಕತೆಗಳನ್ನು ಇತಿಹಾಸವೆಂದು ಎಣಿಸುವಂತಿಲ್ಲ. ಆದರೆ ಕಾವ್ಯ ಹುಟ್ಟಿದ್ದು ವಿಜಯನಗರದಲ್ಲಿ, ಅಂದರೆ ಹಂಪಿಯಲ್ಲಿ, ಎಂಬುದರಲ್ಲಿ ಸಂಶಯವಿಲ್ಲ. ನಾನೂರು ವರ್ಷಗಳ ಮೇಲೆ ಅದೇ ಹಂಪಿಯಲ್ಲಿ ಹುಟ್ಟಿದ ಕನ್ನಡದ ಹುಡುಗಿ ಆ ಪಾದವನ್ನು ತೆರೆಯ ಮೇಲೆ ಎತ್ತಿದಳು. 1956ರ ‘ತೆನಾಲಿ ರಾಮಕೃಷ್ಣ’ದಲ್ಲಿ ಜಮುನಾ ವಿಕಟಕವಿಯ ಹೆಂಡತಿಯಾಗಿ ಆ ಆಸ್ಥಾನದ ಅಂಗಳದಲ್ಲೂ ಓಡಾಡಿದವರು.

ಭಾಮೆಯ ಪಾತ್ರ ಬಹುಕಾಲ ಗಂಡಸರ ಕೈಯಲ್ಲಿತ್ತು ಎಂಬುದನ್ನೂ ಮರೆಯಬಾರದು. ಕೂಚಿಪೂಡಿಯ ‘ಭಾಮಾಕಲಾಪ’ದಲ್ಲಿ ಜಡೆ ಬೀಸಿ ಸವಾಲು ಹಾಕುತ್ತಿದ್ದ ಸತ್ಯಭಾಮೆ ಗಂಡಸೇ. ತೆಲುಗು ನಾಟಕದಲ್ಲಿ ಈ ಪಾತ್ರಕ್ಕೆ ಬಾಪಟ್ಲದ ಸ್ಥಾನಂ ನರಸಿಂಹರಾವ್ (1902–1971) ಅಳತೆಗೋಲಾಗಿದ್ದರು. 1956ರಲ್ಲಿ ಅವರಿಗೆ ಪದ್ಮಶ್ರೀ ಬಂತು. ‘ತುಲಾಭಾರ’ ನಾಟಕಕ್ಕಾಗಿ, ತನ್ನ ಅಪ್ಪಣೆ ಮೀರುವುದು ಕೃಷ್ಣನಿಂದ ಆದೀತೇ ಎಂದು ಭಾಮೆ ಬೀಗುವ ಹಾಡನ್ನು ಸ್ಥಾನಂ ತಾವೇ ಕಟ್ಟಿದ್ದರು. 1966ರ ಚಿತ್ರದಲ್ಲಿ ಅದನ್ನು ಪಿ. ಸುಶೀಲಾ ಹಾಡಿದರು, ಜಮುನಾ ಅಭಿನಯಿಸಿದರು. ಗಂಡಸೊಬ್ಬ ಹೆಣ್ಣಿನ ಗರ್ವವನ್ನು ಊಹಿಸಿ ಕಟ್ಟಿದ ಹಾಡು ಇಬ್ಬರು ಹೆಂಗಸರ ಕೈಗೆ ಬಂತು. ಅದಕ್ಕೂ ಮೊದಲು ಇದೇ ಕತೆಯ 1935ರ ಚಿತ್ರದಲ್ಲಿ ಋಷ್ಯೇಂದ್ರಮಣಿ ಭಾಮೆಯಾಗಿದ್ದರು, 1955ರಲ್ಲಿ ಎಸ್. ವರಲಕ್ಷ್ಮಿ. ಆದರೂ ಭಾಮೆ ಎಂದರೆ ತೆಲುಗರ ಕಣ್ಣಿಗೆ ಕಟ್ಟುವುದು ಜಮುನಾ ಮುಖವೇ. ಕನ್ನಡದಲ್ಲಿ ಇದೇ ಪಾರಿಜಾತದ ಜಗಳ ಬಯಲಾಟವಾಗಿ ಬೆಳೆಯಿತು. ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣರ ಹೆಸರು ಹೊತ್ತ ‘ಶ್ರೀಕೃಷ್ಣ ಪಾರಿಜಾತ’ದಿಂದ ಕೌಜಲಗಿ ನಿಂಗಮ್ಮ ಮನೆಮಾತಾದರು. ಒಂದೇ ಹೂವಿನ ಎರಡು ಭಾಷೆಯ ಆಟಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಗಡಿಯ ಜನರಿಗೆ ಒದಗಿದಷ್ಟು ಸಲೀಸಾಗಿ ಬೇರೆಯವರಿಗೆ ಒದಗದು.

ಆ ಒದೆಗೆ ತೆರೆಯ ಹಿಂದಿನ ಹಿನ್ನೆಲೆಯೂ ಒಂದಿತ್ತು. ಐವತ್ತರ ದಶಕದ ಕೊನೆಗೆ ಎನ್.ಟಿ.ಆರ್. ಮತ್ತು ಅಕ್ಕಿನೇನಿ ನಾಗೇಶ್ವರರಾವ್ ಇಬ್ಬರೂ ಕೆಲವು ವರ್ಷ ಜಮುನಾ ಜತೆ ನಟಿಸುವುದನ್ನು ನಿಲ್ಲಿಸಿದ್ದರು. ಆಕೆಗೆ ಹೆಮ್ಮೆ ಹೆಚ್ಚು, ದೊಡ್ಡವರೆದುರು ನಡೆದುಕೊಳ್ಳುವ ಬಗೆ ಗೊತ್ತಿಲ್ಲ ಎಂಬುದು ದೂರು. ಉದ್ಯಮದ ಎರಡು ಕಂಬಗಳು ಮುಖ ತಿರುಗಿಸಿದರೆ ನಟಿಯೊಬ್ಬಳು ಮನೆ ಸೇರಬೇಕಾದ ಕಾಲ ಅದು. ಜಮುನಾ ಜಗ್ಗಯ್ಯ, ಹರನಾಥ್, ಕಾಂತರಾವ್ ಮೊದಲಾದವರ ಜತೆ ನಟಿಸುತ್ತ ಬೇಡಿಕೆ ಉಳಿಸಿಕೊಂಡರು. ತಪ್ಪೊಪ್ಪಿಗೆ ಬರೆದುಕೊಡಲಿಲ್ಲ. ಇದು ಆಕೆಯ ವೃತ್ತಿಜೀವನದ ಅತಿ ದಿಟ್ಟ ಅಧ್ಯಾಯ. ಅಹಂಕಾರ ಎಂಬ ಒಂದು ಪದದಲ್ಲಿ ಅದನ್ನು ಮುಗಿಸಿಬಿಡುವುದು ಅನ್ಯಾಯ.

ಕೊನೆಗೆ ರಾಜಿ ಮಾಡಿಸಿದವರು ವಿಜಯಾ ಸಂಸ್ಥೆಯ ನಾಗಿರೆಡ್ಡಿ, ಚಕ್ರಪಾಣಿ. 1962ರ ‘ಗುಂಡಮ್ಮ ಕಥ’ದಲ್ಲಿ ಇಬ್ಬರು ನಾಯಕರೂ ಸಾವಿತ್ರಿಯೂ ಜಮುನಾರೂ ಒಂದಾದರು. ಗುಂಡಮ್ಮನ ಮುದ್ದಿನ ಮಗಳು ಸರೋಜಾ ಆಕೆಯ ಪಾತ್ರ. ಸೊಕ್ಕು ಇಳಿಯುವ ಹುಡುಗಿ. ಇದೂ ಕನ್ನಡದ್ದೇ ಕತೆ, ಬಿ. ವಿಠ್ಠಲಾಚಾರ್ಯರ 1958ರ ‘ಮನೆ ತುಂಬಿದ ಹೆಣ್ಣು’. ಗುಂಡಮ್ಮ ಎಂಬ ಅಪ್ಪಟ ಕನ್ನಡದ ಹೆಸರು ಹಾಗೆಯೇ ತೆಲುಗಿಗೆ ಹೋಗಿ ಅಲ್ಲಿನ ಗಾದೆಯಂತಾಯಿತು. ನಾಲ್ಕು ವರ್ಷದ ಮೇಲೆ ಬಂದದ್ದು ‘ತುಲಾಭಾರ’. ಒಮ್ಮೆ ಜತೆಗೆ ನಿಲ್ಲಲೊಲ್ಲೆನೆಂದಿದ್ದ ನಾಯಕನೇ ಕೃಷ್ಣನಾಗಿ ಆಕೆಯ ಕಾಲ ಬಳಿ ತಲೆಬಾಗಿದ್ದ.

ನಡುವೆ, 1964ರಲ್ಲಿ, ಆದುರ್ತಿ ಸುಬ್ಬಾರಾವ್ ಅವರ ‘ಮೂಗಮನಸುಲು’ ತೆರೆಕಂಡಿತು. ಅಂಬಿಗನನ್ನು ಒಲಿದೂ ಪಡೆಯದ ಗೋದಾವರಿ ದಡದ ಹಳ್ಳಿಹುಡುಗಿ ಗೌರಿಯಾಗಿ ಜಮುನಾ ಸಾವಿತ್ರಿಗೆ ಸರಿಸಮನಾಗಿ ನಿಂತರು. 1967ರಲ್ಲಿ ಅದು ಹಿಂದಿಯಲ್ಲಿ ‘ಮಿಲನ್’ ಆದಾಗ ಸುನಿಲ್ ದತ್, ನೂತನ್ ಜತೆ ಅದೇ ಗೌರಿಯನ್ನು ಮತ್ತೆ ಮಾಡಿ ಪೋಷಕ ನಟಿಗಾಗಿ ಫಿಲಂಫೇರ್ ಪ್ರಶಸ್ತಿ ಪಡೆದರು. 1965ರಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಜುಲೂರಿ ರಮಣರಾವ್ ಅವರನ್ನು ಮದುವೆಯಾಗಿದ್ದರು. ಒಬ್ಬ ಮಗ, ಒಬ್ಬ ಮಗಳು.

ಕನ್ನಡಿಗರ ನೆನಪಿನಲ್ಲಿ ಜಮುನಾ ಉಳಿದಿರುವುದು ಮುಖ್ಯವಾಗಿ 1971ರ ‘ಸಾಕ್ಷಾತ್ಕಾರ’ದಿಂದ. ಪುಟ್ಟಣ್ಣ ಕಣಗಾಲ್ ನಿರ್ದೇಶನ, ರಾಜ್‌ಕುಮಾರ್ ನಾಯಕ, ಎಂ. ರಂಗರಾವ್ ಸಂಗೀತ. ಪೃಥ್ವಿರಾಜ್ ಕಪೂರ್ ಕೂಡ ಕನ್ನಡಕ್ಕೆ ಬಂದ ಚಿತ್ರ ಅದು. ಭಾಮೆಯ ಗತ್ತಿನ ಸುಳಿವೂ ಇಲ್ಲದ ಮೆದು ಅಭಿನಯ ಇಲ್ಲಿದೆ. ಹಾಡುಗಳ ಗುಂಗಿನಲ್ಲಿ ಅದು ಎಷ್ಟೋ ಜನರ ಗಮನಕ್ಕೆ ಬಾರದೆ ಹೋಗಿದೆ. ತಾಯಿನುಡಿಯಲ್ಲಿ ಆಕೆಗೆ ಇಂಥ ಪಾತ್ರಗಳು ಇನ್ನೂ ಹಲವು ಸಿಗಬೇಕಿತ್ತು. ಮದರಾಸಿನಲ್ಲಿದ್ದ ಕನ್ನಡ ನಿರ್ಮಾಪಕರು ಈ ಹಂಪಿಯ ಹುಡುಗಿಯನ್ನು ತೆಲುಗಿಗೆ ಬಿಟ್ಟುಕೊಟ್ಟದ್ದು ನಷ್ಟವೇ.

ಎಂಬತ್ತರ ದಶಕದಲ್ಲಿ ಆಕೆ ಕಾಂಗ್ರೆಸ್ ಸೇರಿ 1989ರಲ್ಲಿ ರಾಜಮಹೇಂದ್ರಿಯಿಂದ ಲೋಕಸಭೆಗೆ ಆರಿಸಿಹೋದರು. ಗೌರಿಯ ಗೋದಾವರಿ ಹರಿಯುವ ಕ್ಷೇತ್ರವೇ ಅದು. ಅದರ ಜತೆಗೇ ನಡೆದ ವಿಧಾನಸಭೆ ಚುನಾವಣೆಯಲ್ಲಿ ಎನ್.ಟಿ.ಆರ್. ಅವರ ತೆಲುಗುದೇಶಂ ರಾಜ್ಯದ ಅಧಿಕಾರ ಕಳೆದುಕೊಂಡಿತು. 1991ರವರೆಗೆ ಸಂಸದೆಯಾಗಿದ್ದು, ಮುಂದೆ ಬಿಜೆಪಿ ಪರ ಪ್ರಚಾರ ಮಾಡಿದ್ದನ್ನು ಬಿಟ್ಟರೆ ರಾಜಕೀಯ ಆಕೆಗೆ ಹೆಚ್ಚು ಕಾಲ ಹಿಡಿಸಲಿಲ್ಲ. ಹೆಚ್ಚು ಬಾಳಿದ್ದು ರಂಗದ ಋಣ ತೀರಿಸುವ ಕೆಲಸ. ವೃತ್ತಿ ನಾಟಕದ ಬಡ ಕಲಾವಿದರನ್ನು ಸಂಘಟಿಸಿ ಅವರ ನೆರವಿಗಾಗಿ ವರ್ಷಗಟ್ಟಲೆ ದುಡಿದರು.

ಆಂಧ್ರ ಸರ್ಕಾರದ ಎನ್.ಟಿ.ಆರ್. ರಾಷ್ಟ್ರೀಯ ಪ್ರಶಸ್ತಿ 2008ರ ಸಾಲಿಗೆ ಜಮುನಾರಿಗೆ, ಮರುವರ್ಷದ ಸಾಲಿಗೆ ಬಿ. ಸರೋಜಾದೇವಿಯವರಿಗೆ ಸಂದಿತು. 2014ರಲ್ಲಿ ಪತಿ ತೀರಿಕೊಂಡರು. ದಕ್ಷಿಣದ ಭಾಷೆಗಳಲ್ಲಿ ಮತ್ತು ಹಿಂದಿಯಲ್ಲಿ ಸುಮಾರು ಇನ್ನೂರು ಚಿತ್ರಗಳನ್ನು ಬಿಟ್ಟು ಜಮುನಾ 2023ರ ಜನವರಿ 27ರಂದು ಹೈದರಾಬಾದಿನ ತಮ್ಮ ಮನೆಯಲ್ಲಿ ಕಣ್ಣುಮುಚ್ಚಿದರು. ಆಗ ಅವರಿಗೆ 86 ವರ್ಷ.